ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ದನಕರುಗಳನ್ನು ನೆಚ್ಚಿ ಬಾಳಿದ ಕಾಲದ್ದು. ಅದು ಇಂದಿನ ಮೋಟಾರು ವಾಹನಗಳ ದುರಸ್ತಿಗೂ ಚೆನ್ನಾಗಿ ಒಪ್ಪುತ್ತದೆಂದರೆ ಓದುಗರಿಗೆ ಆಶ್ಚರ್ಯವಾದೀತು. ಕಾರೊಂದು ಹೊರಡಲೊಲ್ಲದು. ದೋಷಸಂಕೇತಗಳನ್ನು ಓದುವ ಸ್ಕ್ಯಾನರನ್ನು ಜೋಡಿಸಿ ನೋಡಿದಾಗ ‘ಎಂಜಿನ್ ನಿಯಂತ್ರಣ ಘಟಕದೊಡನೆ ಸಂಪರ್ಕ ತಪ್ಪಿದೆ’ ಎಂಬ ಬರಹ ಕಾಣುವುದು. ಒಡನೆಯೇ ಆ ಘಟಕ ಕೆಟ್ಟಿತೆಂದು ತೀರ್ಮಾನಿಸಿ, ಸಾವಿರಗಟ್ಟಲೆ ರೂಪಾಯಿ ತೆತ್ತು ಹೊಸದನ್ನು ತರಿಸಿ ಕೂಡಿಸುವರು. ಕಾರು ಆಗಲೂ ಹೊರಡುವುದಿಲ್ಲ. ಕಿಲುಬು ಹಿಡಿದ ಒಂದು ಕನೆಕ್ಟರು ನಿಜವಾದ ಅಪರಾಧಿಯೆಂದು ಕಟ್ಟಕಡೆಗೆ ತಿಳಿದುಬರುವುದು. ಇಂಥ ದುರಸ್ತಿಯ ವೆಚ್ಚವನ್ನು ಹೊರುವವರು ವಾಹನದ ಒಡೆಯರು. ಕೆಟ್ಟ ಹೆಸರನ್ನು ಹೊರುವವರು ಮೆಕ್ಯಾನಿಕರು. ಇದರ ಮೂಲದಲ್ಲಿರುವುದು ವಿಚಾರಕ್ರಮದ ಕೊರತೆಯೆಂದೂ, ಅದನ್ನು ಶಿಕ್ಷಣದಿಂದಲೂ ಕಾನೂನಿನಿಂದಲೂ ತುಂಬಿಕೊಡಬೇಕೆಂದೂ ನಾವು ತಿಳಿಯುತ್ತೇವೆ.

ಹಿಂದಿನ ವಾಹನಗಳಲ್ಲಿ ಒಂದು ಗುಂಡಿಯಿಂದ ಒಂದು ದೀಪಕ್ಕೆ ಒಂದು ತಂತಿ ಹೋಗುತ್ತಿತ್ತು. ದೀಪ ಹತ್ತದಿದ್ದರೆ ಆ ತಂತಿಯ ಜಾಡು ಹಿಡಿದು ಹೋದರೆ ಸಾಕಾಗಿತ್ತು. ಇಂದಿನ ಕಾರಿನಲ್ಲಿ ಎಂಜಿನ್, ಬ್ರೇಕು, ಸ್ಟೀರಿಂಗು, ಏರ್‌ಬ್ಯಾಗು, ಬಾಗಿಲು ಇವುಗಳಿಗೆಲ್ಲ ಬೇರೆಬೇರೆ ಪುಟ್ಟ ಗಣಕಗಳಿವೆ. ಗ್ಯಾರೇಜಿನವರು ಇವನ್ನು ‘ಇಸಿಯು’ ಎನ್ನುವರು. ನಾವು ನಿಯಂತ್ರಣ ಘಟಕಗಳೆಂದು ಕರೆಯೋಣ. ಒಂದರ ಕೆಲಸಕ್ಕೆ ಇನ್ನೊಂದರ ಸುದ್ದಿ ಬೇಕು. ಅನೇಕ ವಾಹನಗಳಲ್ಲಿ ಚಕ್ರದ ವೇಗವನ್ನು ಅಳೆಯುವುದು ಬ್ರೇಕಿನ ಘಟಕ; ಅದನ್ನು ಚಾಲಕನಿಗೆ ತೋರಿಸುವುದು ಮುಂದಿನ ಫಲಕ. ಪ್ರತಿಯೊಂದು ಸುದ್ದಿಗೂ ಪ್ರತ್ಯೇಕ ತಂತಿಯನ್ನು ಎಳೆಯುತ್ತ ಹೋದರೆ ತಂತಿಗಳ ಹೊರೆಯೇ ವಾಹನಕ್ಕೆ ಭಾರವಾದೀತು.

ಈ ತೊಡಕನ್ನು ಬಿಡಿಸಲು ಜರ್ಮನಿಯ ರಾಬರ್ಟ್ ಬಾಷ್ ಸಂಸ್ಥೆಯ ಎಂಜಿನಿಯರುಗಳು ೧೯೮೩ರಲ್ಲಿ ಕೆಲಸವನ್ನಾರಂಭಿಸಿ, ೧೯೮೬ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹೊಸದೊಂದು ಏರ್ಪಾಟನ್ನು ಪ್ರಕಟಿಸಿದರು. ಅದರ ಹೆಸರು ಕಂಟ್ರೋಲರ್ ಏರಿಯಾ ನೆಟ್‌ವರ್ಕ್, ಸಂಕ್ಷೇಪವಾಗಿ ‘ಕ್ಯಾನ್’. ೧೯೯೩ರಲ್ಲಿ ಅದು ಐಎಸ್‌ಒ ೧೧೮೯೮ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅಮೆರಿಕದಲ್ಲಿ ಮಾರುವ ೨೦೦೮ನೆಯ ಮಾದರಿ ವರ್ಷದ ಕಾರುಗಳಿಂದ ಮೊದಲ್ಗೊಂಡು ದೋಷಪತ್ತೆಯ ಸಂಪರ್ಕಕ್ಕೆ ಇದೇ ಕಡ್ಡಾಯವಾಯಿತು.

ಈ ಏರ್ಪಾಟು ನಮ್ಮ ಊರಿನ ಅರಳೀಕಟ್ಟೆಯ ಸಭೆಯಂತೆ. ಒಬ್ಬರು ಆಡಿದ ಮಾತು ಕುಳಿತವರೆಲ್ಲರ ಕಿವಿಗೂ ಬೀಳುವುದು; ತಮಗೆ ಬೇಕಾದುದನ್ನು ಅವರವರು ಆರಿಸಿಕೊಳ್ಳುವರು. ಒಂದಕ್ಕೊಂದು ಹೊಸೆದ ಎರಡೇ ತಂತಿಗಳು ಎಲ್ಲ ಘಟಕಗಳನ್ನೂ ಕೂಡಿಸುವುವು. ಮೌನದಲ್ಲಿ ಎರಡು ತಂತಿಗಳಲ್ಲಿಯೂ ಸುಮಾರು ೨.೫ ವೋಲ್ಟ್ ಇರುವುದು. ಮಾತಾಡುವಾಗ ಒಂದು ೩.೫ ವೋಲ್ಟಿಗೆ ಏರಿ, ಇನ್ನೊಂದು ೧.೫ ವೋಲ್ಟಿಗೆ ಇಳಿಯುವುದು. ಕೇಳುವ ಘಟಕ ಗಮನಿಸುವುದು ಇವೆರಡರ ಅಂತರವನ್ನು. ಹೊರಗಿನ ವಿದ್ಯುತ್ ಗದ್ದಲ ಎರಡು ತಂತಿಗಳ ಮೇಲೂ ಬಹುಮಟ್ಟಿಗೆ ಸಮನಾಗಿ ಬೀಳುವುದರಿಂದ ಅಂತರ ಕೆಡುವುದಿಲ್ಲ. ಇಬ್ಬರು ಒಟ್ಟಿಗೆ ಬಾಯಿತೆರೆದರೆ, ಸಂದೇಶದ ಕ್ರಮಸಂಖ್ಯೆ ಕಡಿಮೆಯಿದ್ದವರಿಗೆ ಮೊದಲ ಮನ್ನಣೆ. ಮತ್ತೊಬ್ಬರು ಸುಮ್ಮನಾಗಿ ಸರದಿಗೆ ಕಾಯುವರು.

ತಪ್ಪು ಮಾತಾಡುವವನನ್ನು ಹೊರಗಿಡುವ ಕಟ್ಟಳೆಯೂ ಈ ಸಭೆಯಲ್ಲುಂಟು. ಪ್ರತಿಯೊಂದು ಘಟಕವೂ ತನ್ನ ತಪ್ಪುಗಳ ಲೆಕ್ಕವನ್ನು ತಾನೇ ಇಡುವುದು. ಸಾಮಾನ್ಯವಾಗಿ, ಕಳುಹಿಸಿದ ಸಂದೇಶ ಕೆಟ್ಟರೆ ಲೆಕ್ಕಕ್ಕೆ ೮ ಸೇರುವುದು; ಸರಿಯಾಗಿ ತಲುಪಿದರೆ ೧ ಕಳೆಯುವುದು. ಲೆಕ್ಕ ೨೫೫ನ್ನು ದಾಟಿದೊಡನೆ ಘಟಕ ತಾನಾಗಿಯೇ ಸಭೆಯಿಂದ ಹೊರಗುಳಿಯುವುದು. ಇಲ್ಲಿಯೇ ಎಚ್ಚರ ಬೇಕು. ಘಟಕ ಆರೋಗ್ಯವಾಗಿದ್ದು ಅದರ ತಂತಿ ಸಡಿಲಾಗಿದ್ದರೂ ಅದು ಹೀಗೆ ಮೌನವಾಗಬಹುದು. ಮೌನವನ್ನು ಮರಣವೆಂದು ತಿಳಿಯುವುದೇ ಮೊದಲನೆಯ ತಪ್ಪು.

ದೋಷಸಂಕೇತಗಳಲ್ಲಿ ‘ಯು’ ಅಕ್ಷರದಿಂದ ಮೊದಲಾಗುವುವು ಸಂಪರ್ಕಕ್ಕೆ ಸೇರಿದವು. ‘ಯು ೦೧೦೦’ ಎಂದರೆ ಎಂಜಿನ್ ಘಟಕದೊಡನೆ ಸಂಪರ್ಕ ತಪ್ಪಿದೆಯೆಂದು ಅರ್ಥ. ಆದರೆ ಈ ಸಂಕೇತವನ್ನು ಬರೆದಿಟ್ಟವರಾರು? ಬ್ರೇಕಿನ ಘಟಕವೋ, ಮುಂದಿನ ಫಲಕವೋ. ಅವು ಹೇಳುತ್ತಿರುವುದು ಇಷ್ಟೆ: ‘ನಮಗೆ ಎಂಜಿನ್ ಘಟಕದ ದನಿ ಕೇಳಿಸಲಿಲ್ಲ.’ ಇದು ಸಾಕ್ಷಿಯ ಹೇಳಿಕೆ. ಸಾಕ್ಷಿಯ ಹೇಳಿಕೆಯನ್ನೇ ನ್ಯಾಯಾಧೀಶರ ತೀರ್ಪೆಂದು ಓದುವುದರಿಂದಲೇ ಎಮ್ಮೆಗೆ ಬರೆ ಬೀಳುತ್ತಿರುವುದು.

ಬಲ್ಲ ಮೆಕ್ಯಾನಿಕ್ ಎಲ್ಲ ಸಾಕ್ಷಿಗಳನ್ನೂ ಕೂಡಿಸಿ ನೋಡುವನು. ಎಲ್ಲರೂ ಒಂದೇ ಘಟಕದ ಮೇಲೆ ದೂರಿದರೆ, ಮೊದಲು ಅದರ ಫ್ಯೂಸು, ವಿದ್ಯುತ್ ಪೂರೈಕೆ, ಅರ್ಥ್ ಸಂಪರ್ಕ, ಅದರ ಕವಲುತಂತಿ ಇವನ್ನು ಪರೀಕ್ಷಿಸಬೇಕು. ಘಟಕದ ಸರದಿ ಕಡೆಯದು. ಎಲ್ಲರೂ ಎಲ್ಲರ ಮೇಲೂ ದೂರಿದರೆ ಮೂಲ ತಂತಿಜೋಡಿಯನ್ನೇ ಸಂಶಯಿಸಬೇಕು. ಹಳೆಯ ಸಂಕೇತವೇ, ಈಗಿನದೇ ಎಂಬುದನ್ನೂ ಕೇಳಬೇಕು. ಬ್ಯಾಟರಿ ಸೊರಗಿದ್ದರೆ, ಎಂಜಿನ್ನನ್ನು ತಿರುಗಿಸುವ ಗಳಿಗೆಯಲ್ಲಿ ವೋಲ್ಟೇಜ್ ಕುಸಿದು, ಘಟಕಗಳು ಕ್ಷಣಕಾಲ ಮಂಕಾಗಿ, ಒಂದರ ಮೇಲೊಂದು ದೂರು ಬರೆದಿಡುವುದುಂಟು. ಅಲ್ಲಿ ಕೆಟ್ಟಿರುವುದು ಬ್ಯಾಟರಿ ಮಾತ್ರ.

ಇನ್ನು ಅಳತೆಯ ಮಾತು. ಇದನ್ನು ಹೈಸ್ಕೂಲಿನ ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲನು. ಕ್ಯಾನ್ ತಂತಿಜೋಡಿಯ ಎರಡು ಕೊನೆಗಳಲ್ಲಿಯೂ ೧೨೦ ಓಮ್‌ಗಳ ಒಂದೊಂದು ರೋಧಕವಿರುವುದು. ಸಂಕೇತ ಕೊನೆಯನ್ನು ಮುಟ್ಟಿ ಪ್ರತಿಧ್ವನಿಯಂತೆ ಹಿಂದಿರುಗಬಾರದೆಂದು ಈ ಏರ್ಪಾಟು. ಎರಡು ರೋಧಕಗಳೂ ಸಮಾಂತರವಾಗಿರುವುದರಿಂದ, ಬ್ಯಾಟರಿಯ ಸಂಪರ್ಕವನ್ನು ಬಿಡಿಸಿ ತಂತಿಗಳ ನಡುವೆ ಅಳೆದರೆ ಸುಮಾರು ೬೦ ಓಮ್ ಬರಬೇಕು. ೧೨೦ ಬಂದರೆ ಒಂದು ಕೊನೆಯ ಸಂಪರ್ಕ ಕಡಿದಿದೆ. ೪೦ ಬಂದರೆ ಯಾರೋ ಮೂರನೆಯದೊಂದು ರೋಧಕವನ್ನು ಸೇರಿಸಿದ್ದಾರೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳೂ ಎಲ್ಲಿಯೋ ಒಂದನ್ನೊಂದು ಮುಟ್ಟುತ್ತಿವೆ; ಆಗ ಕನೆಕ್ಟರುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗಬೇಕು. ಯಾವುದನ್ನು ಬಿಡಿಸಿದಾಗ ಅಳತೆ ಸರಿಯಾಗುವುದೋ ಆ ಕವಲಿನಲ್ಲಿ ದೋಷವಿದೆ. ದೋಷಪತ್ತೆಗೆಂದು ಕಾರುಗಳಲ್ಲಿರುವ ೧೬ ಪಿನ್ನುಗಳ ಕನೆಕ್ಟರಿನಲ್ಲಿ ೬ ಮತ್ತು ೧೪ನೆಯ ಪಿನ್ನುಗಳು ಈ ತಂತಿಜೋಡಿಗೆ ಮೀಸಲು. ಕೆಲವು ನೂರು ರೂಪಾಯಿಗಳ ಮಲ್ಟಿಮೀಟರು ಇಷ್ಟನ್ನು ಹೇಳಬಲ್ಲದು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಇಂದಿನ ಕಾರುಗಳಲ್ಲಿ ಇಂಥ ತಂತಿಜೋಡಿಗಳು ಹಲವಿರುವುವು. ನಡುವೆ ‘ಗೇಟ್‌ವೇ’ ಎಂಬ ದ್ವಾರಪಾಲಕ ಘಟಕ ಕುಳಿತಿರುವುದು. ಹೊರಗಿನ ಕನೆಕ್ಟರಿನಲ್ಲಿ ಅಳೆದುದು ಒಳಗಿನ ಸಂಗತಿಯನ್ನೆಲ್ಲ ಹೇಳದು. ಬಿಟ್ಟುಬಿಟ್ಟು ಬರುವ ದೋಷಕ್ಕೆ ಆಸಿಲೋಸ್ಕೋಪೇ ಬೇಕಾಗುವುದು. ಇದು ನಿಜ. ಆದರೆ ಈ ಆಕ್ಷೇಪಣೆಯೇ ನಮ್ಮ ವಾದವನ್ನು ಬಲಪಡಿಸುತ್ತದೆ. ಯಾವ ತಂತಿ ಎಲ್ಲಿ ಹೋಗಿದೆ, ರೋಧಕ ಯಾವ ಘಟಕದೊಳಗಿದೆ ಎಂಬ ವೈರಿಂಗ್ ನಕ್ಷೆಯಿಲ್ಲದೆ ಮೆಕ್ಯಾನಿಕನ ಬುದ್ಧಿಗೆ ಕಣ್ಣಿಲ್ಲ. ಆ ನಕ್ಷೆ ಅವನ ಕೈಗೆ ಸಿಕ್ಕಬೇಕು.

ಈ ಪ್ರಶ್ನೆ ನಮ್ಮ ದೇಶದಲ್ಲಿ ಹೊಸದಲ್ಲ. ೨೦೧೪ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗವು, ಬಿಡಿಭಾಗಗಳನ್ನೂ ದೋಷಪತ್ತೆಯ ಸಾಧನಗಳನ್ನೂ ಸ್ವತಂತ್ರ ದುರಸ್ತಿಗಾರರಿಗೆ ದೊರೆಯದಂತೆ ಮಾಡಿದ್ದಕ್ಕಾಗಿ, ೧೪ ಕಾರು ತಯಾರಕರಿಗೆ ಒಟ್ಟು ೨,೫೦೦ ಕೋಟಿ ರೂಪಾಯಿಗಳಿಗೂ ಮೀರಿದ ದಂಡವನ್ನು ವಿಧಿಸಿತು. ಅದು ಮೇಲ್ಮನವಿಗಳಿಗೆ ಹೋಯಿತು. ೨೦೨೨ರ ಜುಲೈಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ‘ದುರಸ್ತಿಯ ಹಕ್ಕಿ’ನ ಬಗೆಗೆ ಸಮಿತಿಯೊಂದನ್ನು ನೇಮಿಸಿತು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನ ೨೦೧೨ರಲ್ಲಿಯೇ ವಾಹನ ದುರಸ್ತಿಗೆ ಇಂಥ ಶಾಸನವನ್ನು ಮಾಡಿತು.

ಎಲ್ಲವನ್ನೂ ತೆರೆದಿಟ್ಟರೆ ಕಳ್ಳರಿಗೆ ದಾರಿ ತೋರಿದಂತಾಗುವುದೆಂದು ತಯಾರಕರು ಹೇಳುವರು. ಈ ಭಯವನ್ನು ಹಗುರವಾಗಿ ತಳ್ಳಿಹಾಕಲಾಗದು. ೨೦೧೫ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಓಡುತ್ತಿದ್ದ ಜೀಪ್ ಚೆರೊಕಿ ವಾಹನವೊಂದನ್ನು ದೂರದಿಂದಲೇ ಹತೋಟಿಗೆ ತಂದು ತೋರಿಸಿದರು. ಸುಮಾರು ೧೪ ಲಕ್ಷ ವಾಹನಗಳನ್ನು ಸರಿಪಡಿಸಲು ಹಿಂದಕ್ಕೆ ಕರೆಯಬೇಕಾಯಿತು. ಬೀಗದ ಕೀಲಿಯನ್ನು ತಯಾರಕರು ಕಾಪಾಡಿಕೊಳ್ಳಲಿ. ಆದರೆ ತಂತಿಯ ಬಣ್ಣವನ್ನೂ ರೋಧಕದ ಸ್ಥಾನವನ್ನೂ ಹೇಳುವ ನಕ್ಷೆಗೂ ಆ ಕೀಲಿಗೂ ಬಹಳ ವ್ಯತ್ಯಾಸವಿದೆ. ಮೊದಲನೆಯದನ್ನು ನ್ಯಾಯವಾದ ಬೆಲೆಗೆ ಕೊಡುವುದರಿಂದ ಯಾವ ಬಾಗಿಲೂ ತೆರೆಯುವುದಿಲ್ಲ.

ಉಳಿದ ಅರ್ಧ ಕೆಲಸ ಶಿಕ್ಷಣದ್ದು. ೨೦೨೦ರ ಏಪ್ರಿಲ್ ೧ರಂದು ಬಿಎಸ್-೬ ನಿಯಮಗಳು ಜಾರಿಗೆ ಬಂದಮೇಲೆ ಮೋಟಾರು ಸೈಕಲ್ಲಿಗೂ ನಿಯಂತ್ರಣ ಘಟಕ ಬಂದಿದೆ. ಆದುದರಿಂದ ಸಣ್ಣ ಊರಿನ ಗ್ಯಾರೇಜಿಗೂ ಈ ವಿದ್ಯೆ ಬೇಕು. ಐಟಿಐಗಳಲ್ಲಿಯೂ ಪಾಲಿಟೆಕ್ನಿಕ್‌ಗಳಲ್ಲಿಯೂ ಸ್ಕ್ಯಾನರನ್ನು ಒತ್ತುವ ಅಭ್ಯಾಸಕ್ಕಿಂತ ಮೊದಲು ಅದರ ಮಾತನ್ನು ಪ್ರಶ್ನಿಸುವ ಅಭ್ಯಾಸ ಬರಬೇಕು. ಪರೀಕ್ಷೆಯಲ್ಲಿ ‘ಈ ಸಂಕೇತದ ಅರ್ಥವೇನು?’ ಎಂದು ಕೇಳುವುದು ಸಾಲದು. ‘ಈ ಸಂಕೇತ ಯಾವ ಯಾವ ಕಾರಣಗಳಿಂದ ಬರಬಹುದು, ಅವುಗಳಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ಹೇಗೆ ಕಳೆಯುವಿರಿ?’ ಎಂದು ಕೇಳಬೇಕು. ಹೊಸ ಘಟಕವನ್ನು ಕೂಡಿಸುವ ಮುನ್ನ ಮಾಡಿದ ಅಳತೆಗಳನ್ನು ಬಿಲ್ಲಿನ ಮೇಲೆ ಬರೆದು ಕೊಡುವ ಪದ್ಧತಿ ಬಂದರೆ, ಒಡೆಯನಿಗೂ ಮೆಕ್ಯಾನಿಕನಿಗೂ ಒಳ್ಳೆಯದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ವೈದ್ಯ, ನ್ಯಾಯಾಧೀಶ, ವಿಜ್ಞಾನಿ ಎಲ್ಲರಿಗೂ ಸಲ್ಲುವ ಈ ಮಾತನ್ನು ಕಲಿಯಲು ಕಾರು ಬೇಕಾಗಿಲ್ಲ. ಎರಡು ಮಾರು ತಂತಿ, ೧೨೦ ಓಮ್‌ಗಳ ಎರಡು ರೋಧಕಗಳು, ಒಂದು ಮೀಟರು ಇವು ಯಾವ ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಸಿಕ್ಕುವುವು. ಒಬ್ಬರು ಮರೆಯಲ್ಲಿ ದೋಷವನ್ನು ಉಂಟುಮಾಡಲಿ. ಇನ್ನೊಬ್ಬರು ಕೇವಲ ಅಳತೆಯಿಂದ ಅದನ್ನು ಕಂಡುಹಿಡಿಯಲಿ. ಹೀಗೆ ಒಂದು ಮಧ್ಯಾಹ್ನವನ್ನು ಕಳೆದ ವಿದ್ಯಾರ್ಥಿ, ಮುಂದೆ ಯಾವ ವೃತ್ತಿಗೆ ಹೋದರೂ, ಯಂತ್ರ ತೋರಿಸಿದ ಒಂದೇ ಸಾಲನ್ನು ನಂಬಿ ಮತ್ತೊಬ್ಬರ ಹಣವನ್ನು ವ್ಯಯಮಾಡಲಾರನು.