ನೆಲದಡಿಯ ನಂಜು

ಹೋಟೆಲಿಗೆ ಬಂದು ಕುಳಿತ ಗಿರಾಕಿಯ ಮುಂದೆ ಮೊಟ್ಟಮೊದಲು ಇಡುವುದು ನೀರಿನ ಲೋಟವನ್ನು. ಆ ನೀರು ತಿಳಿಯಾಗಿದ್ದ ಮಾತ್ರಕ್ಕೆ ನಿರ್ಮಲವೆಂದು ನಂಬುವಂತಿಲ್ಲವೆಂಬ ಕಠೋರ ಪಾಠವನ್ನು ಭೋಪಾಲ ನಗರವು ದೇಶಕ್ಕೆ ಕಲಿಸಿದೆ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿಯ ಯೂನಿಯನ್ ಕಾರ್ಬೈಡ್ ಕಾರಖಾನೆಯಿಂದ ಹೊರಬಿದ್ದ ವಿಷಾನಿಲವು ಸಹಸ್ರಾರು ಜೀವಗಳನ್ನು ಆಹುತಿ ತೆಗೆದುಕೊಂಡುದನ್ನು ಲೋಕವೆಲ್ಲ ಬಲ್ಲದು. ಆದರೆ ಅದೇ ಕಾರಖಾನೆಯ ನೆಲದೊಳಗೆ ಸದ್ದಿಲ್ಲದೆ ಇಳಿಯುತ್ತ ಬಂದ ಇನ್ನೊಂದು ನಂಜಿನ ಕಡೆಗೆ ಲೋಕದ ಲಕ್ಷ್ಯ ಹರಿದುದು ತೀರ ಕಡಿಮೆ.

ಕಾರಖಾನೆ ನಡೆಯುತ್ತಿದ್ದ ಕಾಲದಲ್ಲಿಯೇ ಅದರ ತ್ಯಾಜ್ಯವನ್ನು ಆವರಣದೊಳಗೆ ಹೂಳಲಾಗುತ್ತಿತ್ತು. 1977ರಿಂದ ಈಚೆಗೆ ಕೊಳಚೆಯನ್ನು ಹೊರಗಣ ಕೊಳಗಳಿಗೆ ಹರಿಸಿ ಬಿಸಿಲಿಗೆ ಆವಿಯಾಗಿಸುವ ಕ್ರಮವಿತ್ತು. 1999ರಲ್ಲಿ ಗ್ರೀನ್‌ಪೀಸ್ ಸಂಸ್ಥೆಯು ನಡೆಸಿದ ಪರೀಕ್ಷೆಯಲ್ಲಿ ಅಲ್ಲಿಯ ಮಣ್ಣಿನಲ್ಲಿ ಪಾದರಸವೂ, ನೆರೆಯ ಬಾವಿಗಳ ನೀರಿನಲ್ಲಿ ಕ್ಲೋರೋಫಾರ್ಮ್ ಮತ್ತು ಕಾರ್ಬನ್ ಟೆಟ್ರಾಕ್ಲೋರೈಡುಗಳೂ ಕಂಡುಬಂದವು. ಬಾಧಿತ ಬಸ್ತಿಗಳಿಗೆ ಶುದ್ಧ ನೀರನ್ನು ಒದಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಆಜ್ಞಾಪಿಸಬೇಕಾಯಿತು. ಬಡವನಿಗೆ ಕುಡಿಯುವ ನೀರು ಬೇಕಾದರೂ ದಿಲ್ಲಿಯ ತನಕ ಹೋಗಬೇಕಾದ ದುರವಸ್ಥೆಯಿದು!

ತನಿಖೆಗಳು ನಡೆದಿಲ್ಲವೆಂದಲ್ಲ. 2010ರಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಮತ್ತು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಗಳು, ಕೆಟ್ಟ ಮಣ್ಣು ಸುಮಾರು 11 ಲಕ್ಷ ಟನ್ನಿನಷ್ಟಿದೆಯೆಂದು ಅಂದಾಜು ಮಾಡಿದುವು. ಆದರೆ ಕೆಳಗಿನ ಜೇಡಿಮಣ್ಣಿನ ಪದರವು ನಂಜನ್ನು ತಡೆಯುತ್ತದೆಂದೂ, ಕೆಟ್ಟಿರುವುವು ಕೆಲವೇ ಬಾವಿಗಳೆಂದೂ ಅಭಿಪ್ರಾಯಪಟ್ಟವು. ಲಖನೌದ ವಿಷಶಾಸ್ತ್ರ ಸಂಶೋಧನಾ ಸಂಸ್ಥೆಯಾದರೋ 2018ರಲ್ಲಿ 42 ಬಸ್ತಿಗಳ ಅಂತರ್ಜಲವು ಕೆಟ್ಟಿದೆಯೆಂದು ವರದಿ ಮಾಡಿತು. ಒಂದೇ ನೆಲದ ಕುರಿತು ಇಂತಹ ಅಂತರವಿರುವಾಗ ಕೈಪಂಪಿನ ಮುಂದೆ ಕೊಡವಿಟ್ಟು ನಿಂತ ತಾಯಿಯು ಯಾವ ಮಾತನ್ನು ನಂಬಬೇಕು?

ನಾಲ್ಕಾರು ಬಾಟಲಿ ನೀರು ತುಂಬಿ ಪ್ರಯೋಗಶಾಲೆಗೆ ಕಳುಹಿಸಿದರೆ ತನಿಖೆ ಮುಗಿಯಲಾರದು. ಬೇರೆಬೇರೆ ಆಳಗಳಿಗೆ ಬಾವಿಗಳನ್ನು ಕೊರೆಯಬೇಕು. ಜಲಮಟ್ಟವನ್ನು ಅಳೆದು ಅಂತರ್ಜಲವು ಯಾವ ದಿಕ್ಕಿಗೆ ಹರಿಯುತ್ತದೆಂಬುದನ್ನು ಗೊತ್ತುಪಡಿಸಬೇಕು. ಮಳೆಗಾಲದಲ್ಲಿಯೂ ಬೇಸಗೆಯಲ್ಲಿಯೂ ಮರಳಿ ಮರಳಿ ಪರೀಕ್ಷಿಸಬೇಕು. ಕಾರ್ಬನ್ ಟೆಟ್ರಾಕ್ಲೋರೈಡಿನಂತಹ ದ್ರವಗಳು ನೀರಿಗಿಂತ ಭಾರವಾಗಿದ್ದು ಆಳಕ್ಕೆ ಇಳಿಯುವುದರಿಂದ, ಮೇಲಣ ನೀರು ಶುದ್ಧವೆಂದು ಕಂಡರೂ ತಳದಲ್ಲಿ ನಂಜು ಅಡಗಿರಬಹುದು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಕರಗಿದ ಸೀಸ, ಕ್ರೋಮಿಯಮ್ ಮೊದಲಾದ ಲೋಹಗಳು ಮಾತ್ರ ಪಾತ್ರೆಯಲ್ಲಿಯೇ ಉಳಿಯುತ್ತವೆ.

ಕಾರಖಾನೆಯಲ್ಲಿ ಕೂಡಿಟ್ಟಿದ್ದ 337 ಟನ್ ವಿಷತ್ಯಾಜ್ಯವನ್ನು 2025ರ ಜನವರಿಯಲ್ಲಿ ಪೀಥಮಪುರಕ್ಕೆ ಸಾಗಿಸಿ, ಅದೇ ವರ್ಷದ ಜೂನ್ ಅಂತ್ಯದೊಳಗೆ ಸುಡಲಾಯಿತು. ತಡವಾಗಿಯಾದರೂ ನಡೆದ ಈ ಕಾರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 11 ಲಕ್ಷ ಟನ್ನಿನ ಲೆಕ್ಕದ ಎದುರಿಗೆ 337 ಟನ್ನೆಂದರೆ ಎಷ್ಟರ ಮಾತು? ಮೂಟೆಗಳು ಹೋದುವೆಂದು ಕಡತವನ್ನು ಕಟ್ಟಿಡುವ ಮನೋಭಾವವು ಅಧಿಕಾರಿಗಳಲ್ಲಿ ಬೇರೂರದಿರಲಿ. ಕಟ್ಟಿಟ್ಟ ಕಡತದ ಗತಿಯೇನೆಂಬುದನ್ನು ನಮ್ಮ ಗುಮಾಸ್ತ ಬಂಧುಗಳಿಗೆ ವಿವರಿಸಬೇಕಾಗಿಲ್ಲ.

ಕಾರಖಾನೆಯ ಕೊಳಚೆಯಿಂದ ರಾಜಸ್ಥಾನದ ಬಿಛಡಿ ಗ್ರಾಮದ ಬಾವಿಗಳು ಕೆಟ್ಟ ಮೊಕದ್ದಮೆಯಲ್ಲಿ, ಕೆಡಿಸಿದವನೇ ಶುದ್ಧೀಕರಣದ ವೆಚ್ಚವನ್ನು ತೆರಬೇಕೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ವಿಧಿಸಿತು. ನ್ಯಾಯವಾದ ತತ್ವವೇ ಸರಿ. ಆದರೆ ನಂಜು ಎಲ್ಲಿಯವರೆಗೆ ಹರಡಿದೆಯೆಂಬುದೇ ಇತ್ಯರ್ಥವಾಗದಿದ್ದರೆ ವೆಚ್ಚವನ್ನು ನಿರ್ಧರಿಸುವುದೆಂತು? ಆದುದರಿಂದ ಸರಕಾರವು ಭೋಪಾಲದ ಅಂತರ್ಜಲದ ಸಮಗ್ರ ತನಿಖೆಯನ್ನು ಸ್ವತಂತ್ರ ತಜ್ಞರಿಗೆ ಒಪ್ಪಿಸಿ, ಅದರ ಫಲಿತಾಂಶವನ್ನು ಬಸ್ತಿಯ ಜನರಿಗೆ ತಿಳಿಯುವ ಭಾಷೆಯಲ್ಲಿ ಪ್ರಕಟಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ.

ಊರು ಬಿಟ್ಟು ಬಂದು ಕಾರಖಾನೆಗಳ ನೆರೆಯಲ್ಲಿ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ನಮ್ಮವರಿಗೂ ಇದರಲ್ಲಿ ಪಾಠವುಂಟು. ಟ್ಯಾಂಕರಿನ ನೀರನ್ನು ಯಾವ ಬಾವಿಯಿಂದ ತಂದರು, ಅದನ್ನು ಎಂದು ಪರೀಕ್ಷಿಸಿದರು ಎಂದು ಧಣಿಗಳನ್ನೂ ನಗರಸಭೆಯನ್ನೂ ಕೇಳುವುದು ಉದ್ಧಟತನವಲ್ಲ. ಗಿರಾಕಿಯ ಮುಂದೆ ಲೋಟವನ್ನಿಡುವ ಕೈಗೆ ಆ ಪ್ರಶ್ನೆಯನ್ನು ಕೇಳುವ ಅಧಿಕಾರವೂ ಇದೆ, ಕರ್ತವ್ಯವೂ ಇದೆ.