‘ಕರ್ಕೊಂಡು ಹೋಗ್ತೀನಿ’ ಅನ್ನುವ ಮುನ್ನ

2018ರಲ್ಲಿ ಅಣ್ಣ ಕೆನಡಾಕ್ಕೆ ಓದಲು ಹೊರಟಾಗ ಬಾಡಿಗೆ ಕಾರು ಮಾಡಿಕೊಂಡು ಮನೆಮಂದಿಯೆಲ್ಲ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗಿದ್ದೆವು. ಒಳಗೆ ಹೋಗುವ ಮುನ್ನ ಅವನು ಅಪ್ಪನ ಕಾಲಿಗೆ ನಮಸ್ಕರಿಸಿ, ‘ಇನ್ನೊಂದ್ ನಾಕೈದು ವರ್ಷ ತಡ್ಕೊಳಪ್ಪ. ಪಿ.ಆರ್. ಸಿಕ್ಕಿದ ಮೇಲೆ ನಿನ್ನೂ ಅಮ್ಮನ್ನೂ ಅಲ್ಲಿಗೇ ಕರ್ಕೊಂಡು ಹೋಗ್ತೀನಿ’ ಅಂದ. ಅಮ್ಮ ಅಳುತ್ತಲೇ ನಕ್ಕಳು. ಅಪ್ಪ, ‘ಮೊದ್ಲು ನೀನು ನೆಟ್ಟಗೆ ಹೋಗಿ ಸೇರ್ಕೊ’ ಅಂದರು.

ಅಣ್ಣ ಸುಳ್ಳು ಹೇಳಲಿಲ್ಲ. ಮನಸಾರೆಯೇ ಹೇಳಿದ್ದ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಿಂದ ಹೊರದೇಶಕ್ಕೆ ಹೋದ ಹುಡುಗ ಹುಡುಗಿಯರಲ್ಲಿ ಇದೇ ಮಾತು ಕೊಟ್ಟು ಹೋದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದರೆ ಹೋಗುವ ದೇಶದ ಕಾನೂನು ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲೇ ನೋಡಿಕೊಂಡು ಮಾತು ಕೊಟ್ಟವರನ್ನು ಕಂಡಿಲ್ಲ. ನಮ್ಮ ಮನೆಯವರೂ ನೋಡಿರಲಿಲ್ಲ. ಅಪ್ಪ ಬಿದ್ದ ಮೇಲೆ ನೋಡಿದೆವು.

ನಮ್ಮ ಕಡೆ ಕೊಬ್ಬರಿ ಮಾಡುವುದು ಹೇಗೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಕೆಡವಿದ ಕಾಯಿಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. 2022ರಲ್ಲಿ ಅಟ್ಟದಿಂದ ಕಾಯಿ ಇಳಿಸುವಾಗ ಹಲಗೆ ಜಾರಿ ಅಪ್ಪ ಕೆಳಗೆ ಬಿದ್ದರು. ಬೆನ್ನುಮೂಳೆಗೆ ಪೆಟ್ಟಾಯಿತು. ಎರಡು ಆಪರೇಷನ್ ಆದವು. ಈಗ ಸೊಂಟದ ಕೆಳಗೆ ಬಲವಿಲ್ಲ. ಜೊತೆಗೆ ಸಕ್ಕರೆ ಕಾಯಿಲೆ. ಅದೇ ವರ್ಷ ಅಣ್ಣನಿಗೆ ಪಿ.ಆರ್. ಸಿಕ್ಕಿತು. ‘ಇನ್ನು ಇಬ್ಬರನ್ನೂ ಕರ್ಕೊಂಡು ಬಿಡ್ತೀನಿ’ ಎಂದು ಕಾಗದಪತ್ರ ಹುಡುಕಲು ಶುರುಮಾಡಿದ.

ಆಗ ಗೊತ್ತಾದ ಸಂಗತಿಗಳು ಇವು. ಕೆನಡಾದಲ್ಲಿ ಅಪ್ಪ ಅಮ್ಮಂದಿರನ್ನು ಕಾಯಂ ಆಗಿ ಕರೆಸಿಕೊಳ್ಳಲು ಒಂದು ಯೋಜನೆ ಇದೆ. ಬೇಕೆಂದಾಗ ಅರ್ಜಿ ಹಾಕುವಂತಿಲ್ಲ. ಮೊದಲು ಆಸಕ್ತಿ ಇದೆ ಎಂದು ಹೆಸರು ಕೊಡಬೇಕು, ಅದರಲ್ಲಿ ಲಾಟರಿಯಂತೆ ಎತ್ತುತ್ತಾರೆ. 2020ರಲ್ಲಿ ಹೆಸರು ಬರೆಸಿಕೊಂಡಿದ್ದೇ ಕೊನೆ. 2025ರವರೆಗೂ ಅದೇ ಹಳೆಯ ಪಟ್ಟಿಯಿಂದ ಕರೆಯುತ್ತಾ ಬಂದರು. 2020ರಲ್ಲಿ ಅಣ್ಣನಿಗೆ ಪಿ.ಆರ್. ಇರಲಿಲ್ಲವಾದ್ದರಿಂದ ಹೆಸರು ಕೊಡುವ ಹಾಗೂ ಇರಲಿಲ್ಲ. ಒಂದು ವೇಳೆ ಹೆಸರು ಬಂದರೂ ಮೂರು ವರ್ಷದ ಆದಾಯ ತೋರಿಸಬೇಕು, ಅಪ್ಪ ಅಮ್ಮನ ಖರ್ಚಿಗೆ 20 ವರ್ಷ ತಾನೇ ಹೊಣೆ ಎಂದು ಬರೆದುಕೊಡಬೇಕು.

ಅದಕ್ಕಿಂತ ನೋವಾಗಿದ್ದು ಇನ್ನೊಂದು ನಿಯಮ. ಬರುವವರ ಕಾಯಿಲೆ ಅಥವಾ ಅಂಗವಿಕಲತೆಯಿಂದ ಅಲ್ಲಿನ ಆರೋಗ್ಯ ವ್ಯವಸ್ಥೆಗೆ ಮಿತಿಮೀರಿದ ಹೊರೆ ಬೀಳುತ್ತದೆ ಎನಿಸಿದರೆ ಅರ್ಜಿ ತಿರಸ್ಕರಿಸಬಹುದು. ಗಂಡ ಹೆಂಡತಿಯನ್ನು, ಅವಲಂಬಿತ ಮಕ್ಕಳನ್ನು ಕರೆಸಿಕೊಂಡರೆ ಈ ನಿಯಮದಿಂದ ವಿನಾಯಿತಿ ಇದೆ. ಅಪ್ಪ ಅಮ್ಮಂದಿರಿಗೆ ಇಲ್ಲ.

ಉಳಿದಿದ್ದು ಸೂಪರ್ ವೀಸಾ. ಹತ್ತು ವರ್ಷದವರೆಗೆ ಹೋಗಿ ಬರಬಹುದು, 2022ರ ಜುಲೈನಿಂದ ಒಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು. ಆದರೆ ಹೋದವರು ಅತಿಥಿಗಳು ಮಾತ್ರ. ವೈದ್ಯಕೀಯ ಪರೀಕ್ಷೆ ಆಗಬೇಕು, ಕನಿಷ್ಠ 1 ಲಕ್ಷ ಕೆನಡಾ ಡಾಲರ್, ಅಂದರೆ ಸುಮಾರು 60 ಲಕ್ಷ ರೂಪಾಯಿಯ ಖಾಸಗಿ ಆರೋಗ್ಯ ವಿಮೆ ಮಾಡಿಸಬೇಕು. ಅಣ್ಣ ಕೇಳಿದ ಕಡೆಯೆಲ್ಲ ಅಮ್ಮನಿಗೆ ವಿಮೆ ಸಿಕ್ಕಿತು. ಅಪ್ಪನಿಗೆ ಕೊಟ್ಟರೂ ಬೆನ್ನಿನ ತೊಂದರೆ, ಸಕ್ಕರೆ ಕಾಯಿಲೆ ಎರಡನ್ನೂ ಬಿಟ್ಟು ಉಳಿದದ್ದಕ್ಕೆ ಮಾತ್ರ ಕೊಡುತ್ತೇವೆ ಅಂದರು. ಅಪ್ಪನಿಗೆ ಇರುವುದೇ ಆ ಎರಡು.

ಕೆನಡಾ ಒಂದರ ಕಥೆ ಅಂದುಕೊಳ್ಳಬೇಡಿ. ನನ್ನ ಗೆಳತಿಯರು ಯಾವ ಯಾವ ದೇಶದ ಹೆಸರು ಹೇಳುತ್ತಾರೋ ಅವನ್ನೆಲ್ಲ ಕೂತು ಓದಿದೆ.

ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಇದ್ದರೂ ಅಪ್ಪ ಅಮ್ಮನನ್ನು ಕಾಯಂ ಆಗಿ ಕರೆಸಿಕೊಳ್ಳಲು ಆಗುವುದಿಲ್ಲ. 21 ವರ್ಷ ತುಂಬಿದ ಅಮೆರಿಕದ ಪ್ರಜೆಗೆ ಮಾತ್ರ ಆ ಹಕ್ಕು. ಪ್ರಜೆಯಾದ ಮೇಲೆ ಅಪ್ಪ ಅಮ್ಮನಿಗೆ ಸಂಖ್ಯೆಯ ಮಿತಿ ಇಲ್ಲ, ನಿಜ. ಆದರೆ ಕೆಲಸದ ಆಧಾರದ ಗ್ರೀನ್ ಕಾರ್ಡ್‌ನಲ್ಲಿ ಒಂದು ದೇಶದವರಿಗೆ ಶೇ 7ರ ಮಿತಿ ಇರುವುದರಿಂದ ಭಾರತದಲ್ಲಿ ಹುಟ್ಟಿದವರ ಸಾಲು ಹತ್ತು ವರ್ಷಕ್ಕೂ ಮೀರಿ ಬೆಳೆದಿದೆ. ಅದು ಸಿಕ್ಕ ಮೇಲೆ ಪ್ರಜೆಯಾಗಲು ಸಾಮಾನ್ಯವಾಗಿ ಇನ್ನೂ ಐದು ವರ್ಷ. ಇಪ್ಪತ್ತೈದರಲ್ಲಿ ಹೋದ ಮಗ ಪ್ರಜೆಯಾಗುವ ಹೊತ್ತಿಗೆ ಇಲ್ಲಿ ಅಪ್ಪನ ವಯಸ್ಸು ಎಷ್ಟಾಗಿರುತ್ತದೆ? ಹೋದ ಮೇಲೂ 65 ದಾಟಿದವರಿಗೆ ಅಲ್ಲಿನ ಸರ್ಕಾರಿ ಮೆಡಿಕೇರ್ ವಿಮೆ ಕೊಳ್ಳಲು ಐದು ವರ್ಷ ವಾಸವಿರಬೇಕು.

ಆಸ್ಟ್ರೇಲಿಯಾದವರು ಮಕ್ಕಳ ತಲೆ ಎಣಿಸುತ್ತಾರೆ. ಮಕ್ಕಳಲ್ಲಿ ಅರ್ಧದಷ್ಟಾದರೂ ಅಲ್ಲಿ ಕಾಯಂ ಆಗಿರಬೇಕು, ಇಲ್ಲವೇ ಬೇರಾವ ದೇಶದಲ್ಲಿ ಇರುವುದಕ್ಕಿಂತ ಹೆಚ್ಚು ಮಕ್ಕಳು ಅಲ್ಲಿರಬೇಕು. ಒಬ್ಬ ಮಗ ಅಲ್ಲಿ, ಇಬ್ಬರು ತುರುವೇಕೆರೆಯಲ್ಲಿ ಎಂದಾದರೆ ಅರ್ಹತೆಯೇ ಇಲ್ಲ. ಬೇಗ ಬೇಕೆಂದರೆ ಒಬ್ಬರಿಗೆ 40 ಸಾವಿರ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು ಕಟ್ಟಬೇಕು, ಆಮೇಲೂ ವರ್ಷಗಟ್ಟಲೆ ಕಾಯಬೇಕು. ಕಡಿಮೆ ಶುಲ್ಕದ ವೀಸಾಕ್ಕೆ ಸುಮಾರು 30 ವರ್ಷದ ಸಾಲು. ಅರವತ್ತು ದಾಟಿದವರಿಗೆ 30 ವರ್ಷ!

ಬ್ರಿಟನ್ನಿನದು ತಿರುವುಮುರುವು. 2012ರ ಜುಲೈನಲ್ಲಿ ತಂದ ನಿಯಮದ ಪ್ರಕಾರ, ಸ್ನಾನ, ಬಟ್ಟೆ, ಊಟದಂಥ ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಸಹಾಯ ಬೇಕಾದಷ್ಟು ಅಪ್ಪ ಅಮ್ಮ ಅಶಕ್ತರಾಗಿರಬೇಕು. ಆ ಆರೈಕೆ ಮಗ ಹಣ ಕಳಿಸಿದರೂ ಸ್ವಂತ ದೇಶದಲ್ಲಿ ಸಿಗುವುದಿಲ್ಲ ಎಂದೂ ರುಜುವಾತು ಮಾಡಬೇಕು. ಅಂದರೆ ಅಪ್ಪ ಗಟ್ಟಿಯಾಗಿದ್ದರೆ ಬ್ರಿಟನ್ ಬೇಡ ಅನ್ನುತ್ತದೆ, ಹಾಸಿಗೆ ಹಿಡಿದರೆ ಬೇರೆಯವರು ಬೇಡ ಅನ್ನುತ್ತಾರೆ.

ಈ ದೇಶಗಳನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅಲ್ಲಿನ ಆಸ್ಪತ್ರೆಗಳು ನಡೆಯುವುದು ಅಲ್ಲಿಯವರು ದುಡಿಯುವ ವಯಸ್ಸಿನಲ್ಲಿ ಕಟ್ಟಿದ ತೆರಿಗೆಯಿಂದ. ಬಾಗಿಲು ಎಷ್ಟು ತೆರೆಯಬೇಕು ಎನ್ನುವುದು ಅವರ ಲೆಕ್ಕ. ನನ್ನ ತಕರಾರು ಇರುವುದು ನಮ್ಮ ಲೆಕ್ಕದ ಬಗ್ಗೆ. ಐ.ಇ.ಎಲ್.ಟಿ.ಎಸ್. ಬ್ಯಾಂಡ್ ಎಷ್ಟು ಬೇಕು, ಯಾವ ಕಾಲೇಜಿಗೆ ಎಷ್ಟು ಫೀಸು, ಸಾಲಕ್ಕೆ ತೋಟದ ಪಹಣಿ ಸಾಕೇ ಎಂದೆಲ್ಲ ತಿಂಗಳುಗಟ್ಟಲೆ ವಿಚಾರಿಸುವ ನಾವು, ಅಪ್ಪ ಅಮ್ಮನ ವಿಷಯಕ್ಕೆ ಬಂದಾಗ ಮಾತ್ರ ‘ಆಮೇಲೆ ಕರ್ಕೊಂಡು ಹೋದ್ರಾಯ್ತು’ ಎಂದು ಮುಗಿಸಿಬಿಡುತ್ತೇವೆ. ಆ ಒಂದು ಮಾತು ಇದ್ದುದರಿಂದ ನಮ್ಮ ಮನೆಯಲ್ಲಿ ಬೇರೆ ಯಾವ ಮಾತೂ ನಡೆಯಲಿಲ್ಲ. ಅಪ್ಪ ಬಿದ್ದರೆ ಯಾರು ನೋಡಿಕೊಳ್ಳಬೇಕು, ತೋಟ ಯಾರು ನೋಡಬೇಕು, ಬ್ಯಾಂಕಿನ ಕೆಲಸ ಯಾರದು ಎಂಬುದೆಲ್ಲ ‘ಹೇಗೂ ಹೋಗುವವರಲ್ಲವಾ’ ಎಂದು ಹಾಗೇ ಉಳಿದವು.

ಹಾಗೆ ಉಳಿದ ಕೆಲಸವೆಲ್ಲ ಊರಲ್ಲಿ ಉಳಿದವರ ಪಾಲಿಗೆ ಬರುತ್ತದೆ. ನಮ್ಮ ಮನೆಯಲ್ಲಿ ಅದು ನಾನು.

2024ರ ಆರಂಭದಲ್ಲಿ ಅತ್ತಿಗೆಗೆ ಹೆರಿಗೆ. ಬಾಣಂತನಕ್ಕೆ ಅಮ್ಮ ಬೇಕು. ಅಮ್ಮನಿಗೆ ವೀಸಾ ಬಂತು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ ನಾನು ಬಿಟ್ಟು ಬಂದೆ. ನಾಲ್ಕು ತಿಂಗಳು ಅಪ್ಪನನ್ನು ಎತ್ತುವುದು, ಮಲಗಿಸುವುದು, ಮೈ ತೊಳೆಯುವುದು, ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ನನ್ನ ಕೆಲಸ. ಮೊದಲ ವಾರ ಅಪ್ಪ ನನ್ನ ಮುಖ ನೋಡಲಿಲ್ಲ. ಒಂದು ಬೆಳಿಗ್ಗೆ ಗೋಡೆ ಕಡೆ ತಿರುಗಿಕೊಂಡೇ, ‘ನೀನು ನರ್ಸು ಅಂದ್ಕೊಂಡ್ಬಿಟ್ಟಿದೀನಿ ಕಣವ್ವ, ಮಗಳು ಅಂದ್ಕೊಂಡ್ರೆ ಆಗಲ್ಲ’ ಅಂದರು. ನಾನು ನೀರು ತರುತ್ತೇನೆಂದು ಹೊರಗೆ ಬಂದೆ.

ಆ ವರ್ಷ ಕೊಬ್ಬರಿಗೆ ಬೆಲೆ ಇರಲಿಲ್ಲ. ಬೆಂಬಲ ಬೆಲೆ ಕ್ವಿಂಟಲ್‌ಗೆ 12 ಸಾವಿರ ರೂಪಾಯಿ, ಮಾರುಕಟ್ಟೆಯಲ್ಲಿ 10 ಸಾವಿರವೂ ಇಲ್ಲ. ಎಲ್ಲರಿಗೂ ಖರೀದಿ ಕೇಂದ್ರವೇ ಗತಿ. ನೋಂದಣಿಗೆ ರೈತರೇ ಬಂದು ಬೆರಳಚ್ಚು ಕೊಡಬೇಕಿತ್ತು. ಅಪ್ಪನನ್ನು ಆಟೊದಲ್ಲಿ ಕೂರಿಸಿಕೊಂಡು ಹೋದೆ. ಸಾಲಿನಲ್ಲಿ ನಿಂತಿದ್ದವರು ಜಾಗ ಬಿಟ್ಟುಕೊಟ್ಟರು. ಅಷ್ಟು ಹೊತ್ತಿಗೆ ಅಣ್ಣನ ವಿಡಿಯೊ ಕಾಲ್ ಬಂತು. ಮಗು ತೋರಿಸಲು ಮಾಡಿದ್ದ. ಅಪ್ಪ ಮೊಮ್ಮಗುವನ್ನು ಮೊದಲು ಕಂಡಿದ್ದು ಆ ಆಟೊದಲ್ಲಿ.

ಇಷ್ಟಾದ ಮೇಲೆ ‘ಯಾರೂ ವಿದೇಶಕ್ಕೆ ಹೋಗಬೇಡಿ’ ಎಂದು ಹೇಳುತ್ತೇನೆ ಅಂದುಕೊಂಡಿರಬಹುದು. ಇಲ್ಲ. 10 ಸಾವಿರದ ಕೆಳಗಿದ್ದ ಕೊಬ್ಬರಿ 2025ರಲ್ಲಿ 20 ಸಾವಿರ ದಾಟಿತು. ಹಾಗೆ ಏರಿದ್ದು ಇಳಿಯುವುದನ್ನೂ ನಾವು ಕಂಡಿದ್ದೇವೆ. ಎರಡು ಎಕರೆ ತೋಟ, ನುಸಿ ಪೀಡೆ, ಮರ ಹತ್ತುವವರ ಅಭಾವ ಇಟ್ಟುಕೊಂಡು ಮಕ್ಕಳು ಊರಲ್ಲೇ ಇರಲಿ ಎನ್ನುವುದು ನ್ಯಾಯವಲ್ಲ. ಅಪ್ಪನ ಎರಡನೇ ಆಪರೇಷನ್ನಿನ ಖರ್ಚು ಕೊಟ್ಟಿದ್ದು ಅಣ್ಣನ ದುಡಿಮೆಯೇ.

ನಾನೂ ಹೊರಟಿದ್ದೇನೆ. ಜರ್ಮನಿಯಲ್ಲಿ ನರ್ಸ್ ಕೆಲಸಕ್ಕೆಂದು ಜರ್ಮನ್ ಭಾಷೆ ಕಲಿಯುತ್ತಿದ್ದೇನೆ. ಅಲ್ಲಿ ನರ್ಸ್‌ಗಳ ಕೊರತೆ ಇದೆ, ವಯಸ್ಸಾದವರು ಹೆಚ್ಚು. ನಮ್ಮಪ್ಪನಿಗೆ ಮಾಡಿದ್ದನ್ನೇ ಅಲ್ಲಿ ಇನ್ಯಾರದೋ ಅಪ್ಪನಿಗೆ ಸಂಬಳ ತೆಗೆದುಕೊಂಡು ಮಾಡುತ್ತೇನೆ. ಇದು ನನಗೆ ಎಷ್ಟು ಸಲ ಚುಚ್ಚಿದೆಯೋ ಲೆಕ್ಕವಿಲ್ಲ. 2024ರ ಮಾರ್ಚ್ 1ರಿಂದ ವಾಸದ ಪರವಾನಗಿ ಪಡೆದ ಕೌಶಲ್ಯದ ಕೆಲಸಗಾರರು ಅಪ್ಪ ಅಮ್ಮನನ್ನು ಕರೆಸಿಕೊಳ್ಳಲು ಜರ್ಮನಿ ಅವಕಾಶ ಕೊಟ್ಟಿದೆ ಎಂದು ಓದಿದಾಗ ಕುಣಿದಾಡುವಂತಾಯಿತು. ಮುಂದೆ ಓದಿದರೆ, ಜೀವನದ ಖರ್ಚನ್ನೂ ಆರೋಗ್ಯ ವಿಮೆಯನ್ನೂ ತೋರಿಸಬೇಕು. ಮತ್ತೆ ಅದೇ ವಿಮೆ. ಹಾಗಾಗಿ ಅಪ್ಪನಿಗೆ ‘ಕರ್ಕೊಂಡು ಹೋಗ್ತೀನಿ’ ಎಂದು ನಾನು ಹೇಳಲಿಲ್ಲ.

ಹೊರಡುವ ಮುನ್ನ ಮನೆಯಲ್ಲಿ ಕೂತು ಮಾತಾಡಬೇಕಾದ್ದು ಇಷ್ಟು. ಆ ದೇಶದಲ್ಲಿ ಅಪ್ಪ ಅಮ್ಮನಿಗೆ ಯಾವ ವೀಸಾ ಇದೆ, ಯಾವಾಗಿನಿಂದ, ಕಾಯಿಲೆ ಇದ್ದರೆ ಏನು ಎಂದು ಏಜೆಂಟರನ್ನಲ್ಲ, ಆ ಸರ್ಕಾರದ ಪ್ರಕಟಣೆಯನ್ನೇ ನೋಡಿ. ಆಮೇಲೆ ಅಪ್ಪ ಅಮ್ಮನಿಗೆ ಹೋಗಲು ಇಷ್ಟವಿದೆಯೇ ಎಂದು ಕೇಳಿ. ನಮ್ಮಮ್ಮ ನಾಲ್ಕು ತಿಂಗಳಲ್ಲಿ ವಾಪಸ್ ಬಂದು, ‘ಮನೆ ಬೆಚ್ಚಗಿತ್ತು, ಮಾತಾಡೋಕೆ ಜನ ಇರ್ಲಿಲ್ಲ’ ಅಂದಳು. ಊರಲ್ಲಿ ಉಳಿಯುವವರು ಯಾರು, ಅವರು ಬಿಡುವ ಸಂಬಳ, ಬಿಡುವ ಪರೀಕ್ಷೆಗೆ ಹೋದವರು ಏನು ಕೊಡುತ್ತಾರೆ ಎಂದು ಎಲ್ಲರ ಎದುರಿಗೇ ಮಾತಾಡಿ. ಉಳಿಯುವವಳು ಮಗಳು ಅಥವಾ ಸೊಸೆ ಆಗಿದ್ದರೆ ಆ ಲೆಕ್ಕವನ್ನು ಯಾರೂ ತೆಗೆಯುವುದಿಲ್ಲ.

ಕಾನೂನೂ ಗೊತ್ತಿರಲಿ. ಪೋಷಕರು ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆ ವಿದೇಶದಲ್ಲಿರುವ ಭಾರತದ ಪ್ರಜೆಗಳಿಗೂ ಅನ್ವಯಿಸುತ್ತದೆ. ನಮ್ಮ ಮೂರೂ ತಾಲ್ಲೂಕಿನವರು ಅದಕ್ಕಾಗಿ ಹೋಗಬೇಕಾದ್ದು ತಿಪಟೂರಿನ ಉಪವಿಭಾಗಾಧಿಕಾರಿ ಕಚೇರಿಗೆ. ಹಿರಿಯರ ಸಹಾಯವಾಣಿ 14567. ಅಲ್ಲಿಯವರೆಗೆ ಹೋಗುವ ಪರಿಸ್ಥಿತಿ ಯಾರಿಗೂ ಬರದಿರಲಿ, ಆದರೆ ಕಾನೂನಿನ ಕಣ್ಣಿನಲ್ಲಿ ಇದು ಮಕ್ಕಳ ದಯೆಯಲ್ಲ, ಹೊಣೆ.

ಇನ್ನೊಂದು ಮಾತು ಸರ್ಕಾರಕ್ಕೂ, ಕೆಲಸ ಹುಡುಕುತ್ತಿರುವ ನಮ್ಮ ವಯಸ್ಸಿನವರಿಗೂ. ತಾಲ್ಲೂಕಿಗೊಂದರಂತೆ ಮನೆ ಆರೈಕೆಯ ತರಬೇತಿ ಪಡೆದವರ ತಂಡ ಇದ್ದರೆ, ಎಷ್ಟೋ ಮನೆಗಳಲ್ಲಿ ಮಗಳು ಕೆಲಸ ಬಿಡಬೇಕಾಗುವುದಿಲ್ಲ. ವಿದೇಶದಿಂದ ಹಣ ಕಳಿಸಲು ಮಕ್ಕಳು ಸಿದ್ಧರಿದ್ದಾರೆ. ನಂಬಿಕೆಯಿಂದ ಅಪ್ಪನನ್ನು ಎತ್ತಿ ಕೂರಿಸುವ ಕೈ ಊರಲ್ಲಿ ಸಿಗುತ್ತಿಲ್ಲ. ನಾವು ಮೂರು ತಿಂಗಳು ಹುಡುಕಿದ್ದೇವೆ.

ಕೊನೆಗೆ ಹಿಂದಿನ ಬೀದಿಯ ಹುಡುಗನೊಬ್ಬ ಸಿಕ್ಕ. ಎತ್ತುವುದು, ಮಗ್ಗುಲು ಬದಲಿಸುವುದು ಎಲ್ಲ ನಾನೇ ಕಲಿಸಿದೆ. ಅವನ ಸಂಬಳ ಅಣ್ಣನದು. ವರ್ಷಕ್ಕೊಮ್ಮೆ, ಅಟ್ಟದಿಂದ ಕಾಯಿ ಇಳಿಸುವ ಹೊತ್ತಿಗೆ ಅಣ್ಣ ಒಂದು ತಿಂಗಳು ಬರಬೇಕು, ಮಧ್ಯೆ ಒಂದು ಸಲ ನಾನು ಬರಬೇಕು ಎಂದು ಹೋದ ತಿಂಗಳು ಜಗಲಿಯಲ್ಲಿ ಕೂತು, ಅಣ್ಣನನ್ನು ಫೋನಿನಲ್ಲಿ ಕೂರಿಸಿಕೊಂಡು ಒಪ್ಪಂದ ಮಾಡಿಕೊಂಡೆವು. ಅಮ್ಮ ಅದನ್ನು ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದಾಳೆ.

ಎಲ್ಲ ಮುಗಿದ ಮೇಲೆ ಅಪ್ಪ ನನ್ನನ್ನು ಕರೆದು, ‘ಹೋಗು ಮಗಾ. ಕರ್ಕೊಂಡು ಹೋಗ್ತೀನಿ ಅಂತ ಮಾತ್ರ ಅನ್ಬೇಡ. ಯಾವಾಗ ಬತ್ತೀಯ, ಅದನ್ನ ಹೇಳು’ ಅಂದರು.

ತಿಂಗಳು, ತಾರೀಖು ಹೇಳಿದ್ದೇನೆ. ಮುಂದಿನ ತಿಂಗಳು ಪರೀಕ್ಷೆ.