ಕಸಬರಿಗೆಗೆ ಕೇಳದ ಅರ್ಹತೆ

ಯಾವ ವಿಶ್ವವಿದ್ಯಾಲಯಕ್ಕಾದರೂ ಬೆಳಗ್ಗೆ ಏಳು ಗಂಟೆಗೆ ಹೋಗಿ. ಗುಡಿಸುವವರು, ಕಕ್ಕಸು ತೊಳೆಯುವವರು ಯಾವ ಕೇರಿಯಿಂದ ಬಂದವರು ನೋಡಿ. ಅಲ್ಲಿ ಯಾರೂ ಅರ್ಹತೆಯ ಮಾತು ಎತ್ತಲ್ಲ, ಮೀಸಲಾತಿ ಜಾಸ್ತಿಯಾಯ್ತು ಅಂತ ಕೋರ್ಟಿಗೆ ಹೋಗಲ್ಲ. ಹನ್ನೊಂದು ಗಂಟೆಗೆ ಮತ್ತೆ ಹೋಗಿ, ಬಾಗಿಲುಗಳ ಮೇಲಿನ ಹೆಸರಿನ ಹಲಗೆ ಓದಿ. ಅರ್ಹತೆ ಎಂಬ ಪದ ಆಗ ಹುಟ್ಟಿಕೊಳ್ಳುತ್ತದೆ.

ಈ ಪದ ಹಳೆಯದು. 1918ರಲ್ಲಿ ಬಾಬಾಸಾಹೇಬರು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಕೊಲಂಬಿಯಾದಲ್ಲಿ ಓದಿ ಬಂದವರು. ಆದರೂ ತಮ್ಮ ನೀರಿನ ಮಡಕೆ ಮುಟ್ಟಬೇಡಿ ಅಂದರು ಜೊತೆಗಾರ ಪ್ರೊಫೆಸರುಗಳು. ಅಂಬೇಡ್ಕರರಿಗೆ ಯಾವ ಅರ್ಹತೆ ಕಮ್ಮಿಯಾಗಿತ್ತು, ಹೇಳಿ? ಅದೇ ವರ್ಷ ಮೈಸೂರು ಮಹಾರಾಜರು ಬ್ರಾಹ್ಮಣೇತರರಿಗೆ ನೌಕರಿಯಲ್ಲಿ ಪಾಲು ಕೊಡುವುದಕ್ಕೆ ಮಿಲ್ಲರ್ ಸಮಿತಿ ಮಾಡಿದರು. ದಕ್ಷತೆ ಕೆಡುತ್ತದೆಂದು ದಿವಾನ ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ, ದಿವಾನಗಿರಿಯನ್ನೇ ಬಿಟ್ಟರು.

ಚರಿತ್ರೆಯ ತಮಾಷೆ ನೋಡಿ. ಅದೇ ವಿಶ್ವೇಶ್ವರಯ್ಯನವರ ಹೆಸರಿನ ಭದ್ರಾವತಿಯ ಕಾಲೇಜಿನಲ್ಲಿ ಪ್ರೊ. ಬಿ. ಕೃಷ್ಣಪ್ಪ ಕನ್ನಡ ಪಾಠ ಹೇಳಿದರು. 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಕೇರಿಯ ಒಬ್ಬ ಮೇಷ್ಟ್ರು ಕ್ಲಾಸ್‌ರೂಮಿಗೆ ಬಂದರೆ ಒಂದು ರಾಜ್ಯವೇ ಮೈಕೊಡವಿ ಏಳುತ್ತದೆ. ಬಾಗಿಲು ಹಾಕುವವರಿಗೂ ಇದು ಚೆನ್ನಾಗಿ ಗೊತ್ತು!

ಈಗ ಬಾಗಿಲು ಹಾಕುವುದಕ್ಕೆ ಮಡಿ ಬೇಕಿಲ್ಲ, ಮಗ್ಗಿ ಸಾಕು. 2017ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕೇಸಿನಲ್ಲಿ ಅಲಹಾಬಾದ್ ಹೈಕೋರ್ಟು, ಮೀಸಲಾತಿಯನ್ನು ಇಡೀ ವಿಶ್ವವಿದ್ಯಾಲಯಕ್ಕಲ್ಲ, ಒಂದೊಂದು ವಿಭಾಗಕ್ಕೆ ಬೇರೆಬೇರೆಯಾಗಿ ಲೆಕ್ಕ ಹಾಕಿ ಅಂದಿತು. 2018ರ ಮಾರ್ಚಿಯಲ್ಲಿ ಯುಜಿಸಿ ಹಾಗೇ ಆದೇಶ ಹೊರಡಿಸಿತು. 13 ಅಂಶದ ಆ ರೋಸ್ಟರಿನಲ್ಲಿ 4ನೆಯ ಹುದ್ದೆ ಹಿಂದುಳಿದವರಿಗೆ, 7ನೆಯದು ಪರಿಶಿಷ್ಟ ಜಾತಿಗೆ, 14ನೆಯದು ಪರಿಶಿಷ್ಟ ಪಂಗಡಕ್ಕೆ. ಆರೇ ಮೇಷ್ಟ್ರುಗಳಿರುವ ವಿಭಾಗದಲ್ಲಿ ದಲಿತನ ಸರದಿ ಯಾವಾಗ? ಒಬ್ಬರು ನಿವೃತ್ತರಾಗಿ ಜಾಗ ಖಾಲಿಯಾದಾಗ. ಆದಿವಾಸಿಯ ಸರದಿ? ಎಂಟು ಜಾಗ ಖಾಲಿಯಾಗಿ ತುಂಬುವ ಹೊತ್ತಿಗೆ. ಅಷ್ಟರಲ್ಲಿ ಒಂದು ತಲೆಮಾರಿನ ಕೂದಲು ಹಣ್ಣಾಗಿರುತ್ತದೆ.

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಬದಲಿಸಲಿಲ್ಲ. ಮಾರ್ಚ್ 5ಕ್ಕೆ ಭಾರತ ಬಂದ್ ಆಯಿತು. 7ಕ್ಕೆ ಸುಗ್ರೀವಾಜ್ಞೆ ಬಂತು, ಆಮೇಲೆ ಕಾಯ್ದೆಯಾಯಿತು. ಇಡೀ ಸಂಸ್ಥೆಯೇ ಒಂದು ಘಟಕ ಅಂತ ಒಪ್ಪಿದರು. ಬೀದಿಗೆ ಇಳಿದದ್ದಕ್ಕೆ ಸಿಕ್ಕಿದ್ದು ಇದು, ಯಾರ ಔದಾರ್ಯವೂ ಅಲ್ಲ. ಆದರೆ ಆ ಕಾಯ್ದೆ ಕೇಂದ್ರದ ಸಂಸ್ಥೆಗಳಿಗೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಅದು ತಾಗುವುದಿಲ್ಲ.

ರೋಸ್ಟರ್ ಸರಿಯಿದ್ದರೂ ಇನ್ನೆರಡು ಬೀಗಗಳಿವೆ. ಒಂದು, 'ಸೂಕ್ತ ಅಭ್ಯರ್ಥಿ ಸಿಗಲಿಲ್ಲ' ಎಂಬ ಮೂರು ಪದ. ಸಂದರ್ಶನದ ಕೋಣೆಯಲ್ಲಿ ಹುಡುಕಿದವರು ಯಾರು, ಎಲ್ಲಿ ಹುಡುಕಿದರು? ಇನ್ನೊಂದು, ಕಾಯಂ ಹುದ್ದೆ ತುಂಬದೆ ಅತಿಥಿ ಉಪನ್ಯಾಸಕರ ಹೆಗಲ ಮೇಲೆ ವಿಭಾಗ ನಡೆಸುವುದು. ಅತಿಥಿ ಅಂತೆ! ವರ್ಷಗಟ್ಟಲೆ ದುಡಿದರೂ ಮನೆಯವನಾಗದ ಅತಿಥಿ.

ಹೊಳಲೂರಿನ ಕೇರಿಯ ಹುಡುಗಿ ಶಂಕರಘಟ್ಟಕ್ಕೆ ಓದಲು ಹೋಗುತ್ತಾಳೆ ಅನ್ನಿ. 1987ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾಲಯಕ್ಕೆ 'ಶೂದ್ರ ತಪಸ್ವಿ' ಮತ್ತು 'ಜಲಗಾರ' ಬರೆದ ಕುವೆಂಪು ಹೆಸರಿದೆ. ಅವಳ ಸಂಶೋಧನೆಗೆ ಮಾರ್ಗದರ್ಶಕರು ಬೇಕು. ತನ್ನ ಕೇರಿಯ ಬದುಕನ್ನು ವಿಷಯವಾಗಿ ಆರಿಸಿಕೊಂಡರೆ 'ಇದೂ ಒಂದು ಸಂಶೋಧನೆಯೇನಮ್ಮ?' ಅನ್ನದ ಮೇಷ್ಟ್ರು ಬೇಕು. ಯಾರಿಗೆ ಯಾವ ಕುರ್ಚಿ ಎಂಬುದು ಸಂಬಳದ ಪ್ರಶ್ನೆ ಮಾತ್ರವಲ್ಲ. ಯಾವುದು ಜ್ಞಾನ ಅಂತ ಸಹಿ ಹಾಕುವವರು ಯಾರು ಎಂಬ ಪ್ರಶ್ನೆ.

ಗೆಳೆಯರೇ, 2005ರಿಂದ ಮಾಹಿತಿ ಹಕ್ಕು ಕಾಯ್ದೆ ನಮ್ಮ ಕೈಯಲ್ಲಿದೆ. ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ವಿಭಾಗವಾರು ರೋಸ್ಟರ್ ವಹಿ ಕೇಳಿ, ಬ್ಯಾಕ್‌ಲಾಗ್ ಹುದ್ದೆಗಳ ಪಟ್ಟಿ ಕೇಳಿ, ಅತಿಥಿಗಳ ನೇಮಕದಲ್ಲಿ ಮೀಸಲಾತಿ ಪಾಲಿಸಿದ್ದೀರಾ ಕೇಳಿ. ಊರಿನ ಮೇಷ್ಟ್ರುಗಳು ಆ ಪಟ್ಟಿಯನ್ನು ಹುಡುಗರ ಮುಂದೆ ಗಟ್ಟಿಯಾಗಿ ಓದಲಿ. ನಾವು ಬೇಡುತ್ತಿಲ್ಲ, ಲೆಕ್ಕ ಕೇಳುತ್ತಿದ್ದೇವೆ. ಲೆಕ್ಕ ಕೊಡದವರು ಇನ್ನು ಮುಂದೆ ಅರ್ಹತೆಯ ಮಾತಾಡಬಾರದು.